ಟೆನಿಸನ್ನನ ಕಡಲ ಶೋಕಗೀತೆಯ ಛಂದಸ್ಸು

ಆರ್ಥರ್ ಹ್ಯಾಲಮ್ 1833ರ ಸೆಪ್ಟೆಂಬರಿನಲ್ಲಿ ವಿಯೆನ್ನಾದಲ್ಲಿ ಹಠಾತ್ತನೆ ತೀರಿಕೊಂಡಾಗ ಅವನಿಗೆ 22 ವರ್ಷ. ಅವನ ಕಳೇಬರ ಹಡಗಿನಲ್ಲಿ ಇಂಗ್ಲೆಂಡಿಗೆ ಬಂದು, ಕ್ಲೀವ್‌ಡನ್ನಿನ ಕಡಲಂಚಿನ ಚರ್ಚಿನಲ್ಲಿ ಸಮಾಧಿಯಾಯಿತು. ಗೆಳೆಯ ಟೆನಿಸನ್ ಆ ದುಃಖದಲ್ಲಿ ರಚಿಸಿದ ‘ಬ್ರೇಕ್, ಬ್ರೇಕ್, ಬ್ರೇಕ್’ 1842ರ ಸಂಕಲನದಲ್ಲಿ ಪ್ರಕಟವಾಯಿತು. ಕವಿತೆಯ ಹುಟ್ಟನ್ನು ಆ ತೀರಕ್ಕೇ ಕಟ್ಟಿಹಾಕಲು ಓದುಗನ ಮನಸ್ಸು ಹಾತೊರೆಯುವುದು ಸಹಜ. ಆದರೆ ಕವಿಯ ಹೇಳಿಕೆಯಂತೆ ಅದು ರೂಪುಗೊಂಡದ್ದು ಲಿಂಕನ್‌ಶೈರಿನ ಓಣಿಯೊಂದರಲ್ಲಿ, ಹೂಬಿಟ್ಟ ಬೇಲಿಗಳ ನಡುವೆ, ಬೆಳಗಿನ ಐದು ಗಂಟೆಗೆ. ಇಲ್ಲಿಯ ಕಡಲನ್ನು ಭೂಪಟದಲ್ಲಿ ಅರಸುವುದಕ್ಕಿಂತ ಲಯದಲ್ಲಿ ಅರಸುವುದೇ ಲೇಸು.

ಕವಿತೆಯಲ್ಲಿ ನಾಲ್ಕು ಚೌಪದಿಗಳು, ಹದಿನಾರು ಸಾಲುಗಳು. ಎರಡು ಅನುದಾತ್ತಗಳ ಮೇಲೆ ಒಂದು ಉದಾತ್ತ ಬರುವ ಮುಮ್ಮಡಿ ಗಣ ಇದರ ಪ್ರಧಾನ ನಡೆ. ಕನ್ನಡದ ಕಿವಿಗೆ ಸಗಣದ ಛಾಯೆ ಕೇಳಿಸೀತು. ಆದರೆ ಇಂಗ್ಲಿಷಿನಲ್ಲಿ ಲೆಕ್ಕ ಮಾತ್ರೆಯದಲ್ಲ, ಒತ್ತಿನದು. ಮೊದಲ ಸಾಲಿನಲ್ಲಿರುವುದು ಮೂರೇ ಅಕ್ಷರ, ಮೂರೂ ಒತ್ತಕ್ಷರಗಳೇ. ಪ್ರತಿ ಗಣದಲ್ಲಿಯೂ ಎರಡು ಹಗುರ ಅಕ್ಷರಗಳು ಲೋಪವಾಗಿ, ಆ ಕಾಲವನ್ನು ಮೌನ ತುಂಬುತ್ತದೆ. ಅಪ್ಪಳಿಸುವ ಅಲೆ, ಮರುಅಲೆಗೆ ಕಾಯುವ ಬಿಡುವು ಎರಡೂ ಆ ಮೂರು ಅಕ್ಷರಗಳಲ್ಲಿವೆ. ನಾಲಗೆಗೆ ಮಾತು ಬಾರದೆಂದು ಮುಂದೆ ಹೇಳುವ ಕವಿತೆ ಆ ಅಶಕ್ತಿಯನ್ನು ಮೊದಲು ಛಂದಸ್ಸಿನಲ್ಲಿಯೇ ತೋರಿಬಿಟ್ಟಿದೆ.

ನಡುವಿನ ಪದ್ಯಗಳಲ್ಲಿ ಬೆಸ್ತರ ಹುಡುಗ, ನಾವಿಕ, ಬಂದರಿಗೆ ಸಾಗುವ ಹಡಗುಗಳು. ನಡೆ ಅಲ್ಲಿ ಸರಾಗ. ಅಷ್ಟರಲ್ಲಿ ಮೂರನೆಯ ಪದ್ಯದ ಮೂರನೆಯ ಸಾಲಿಗೆ ನಾಲ್ಕನೆಯ ಗಣವೊಂದು ಸೇರುತ್ತದೆ. ಕೊನೆಯ ಪದ್ಯದಲ್ಲಿಯೂ ಹಾಗೆಯೇ. ಈ ಎರಡು ಸಾಲುಗಳೂ ‘ಆದರೆ’ ಎಂಬ ಅರ್ಥದ ಪದದಿಂದ ತೊಡಗುವುದು ಆಕಸ್ಮಿಕವೆನ್ನಲಾಗದು: ಇಲ್ಲವಾದವನ ನೆನಪು ಬಂದಲ್ಲೆಲ್ಲ ಸಾಲು ತನ್ನ ಅಳತೆ ಮೀರುತ್ತದೆ.

ಪ್ರಾಸ ಎರಡನೆಯ ಮತ್ತು ನಾಲ್ಕನೆಯ ಸಾಲುಗಳಿಗೆ ಮಾತ್ರ. ದ್ವಿತೀಯಾಕ್ಷರ ಪ್ರಾಸಕ್ಕೆ ಒಗ್ಗಿದವರಿಗೆ ಇದು ಸಡಿಲವೆನಿಸಬಹುದು. ಮೊದಲ, ಕೊನೆಯ ಪದ್ಯಗಳೆರಡರಲ್ಲಿಯೂ ‘ಕಡಲು’ ಎಂಬರ್ಥದ ಪದಕ್ಕೆ ‘ನನಗೆ’ ಎಂಬರ್ಥದ ಪದ ಪ್ರಾಸವಾಗಿ ಕೂಡುತ್ತದೆ. ಕಡಲು ಮಾತ್ರ ಎಲ್ಲಿಯೂ ಉತ್ತರಿಸುವುದಿಲ್ಲ. ನಾದದಲ್ಲಿ ಒದಗಿದ ನಂಟು ಅರ್ಥದಲ್ಲಿ ಒದಗದು. ಕಡಲೇ ಕವಿಯೊಡನೆ ಅಳುತ್ತದೆ ಎಂಬ ವ್ಯಾಖ್ಯಾನ ಇಲ್ಲಿ ನಿಲ್ಲಲಾರದು.

ಅದೇ ಹ್ಯಾಲಮನಿಗಾಗಿ ವರ್ಷಗಟ್ಟಲೆ ಬರೆದು 1850ರಲ್ಲಿ ಹೊರತಂದ ‘ಇನ್ ಮೆಮೋರಿಯಮ್’ನಲ್ಲಿ ನಾಲ್ಕನೆಯ ಸಾಲಿನ ಪ್ರಾಸ ಮೊದಲನೆಯದಕ್ಕೆ ಮರಳುತ್ತದೆ, ಶೋಕ ಅಲ್ಲಿ ಚಿಂತನೆಯಾಗಿ ಸುತ್ತುತ್ತದೆ. ಈ ಕಿರುಗೀತೆಯಲ್ಲಿ ಬೆಸಸಂಖ್ಯೆಯ ಸಾಲುಗಳು ಪ್ರಾಸದ ಜೊತೆಯಿಲ್ಲದೆ ತೆರೆದೇ ಉಳಿಯುತ್ತವೆ.