ಶೇಂಗಾ ಚೀಲದ ತೇವ

ಯಕೃತ್ತಿನ ಕ್ಯಾನ್ಸರ್ ಹೇಗೆ ಉಲ್ಬಣಿಸುತ್ತದೆ ಎಂಬುದನ್ನು ವಿಜ್ಞಾನಿಗಳು ಈಗ ಜೀವಕೋಶದೊಳಗಿನ ಉಂಗುರದಾಕಾರದ ಅಣುಗಳಾದ ವರ್ತುಲ ಆರ್‌ಎನ್‌ಎಗಳಲ್ಲಿ ಹುಡುಕುತ್ತಿದ್ದಾರೆ. ಸರ್ಕ್‌ಎಂಟಿಒ1 ಎಂಬ ಅಂಥದೊಂದು ಅಣು ಗಡ್ಡೆಯಲ್ಲಿ ಕಡಿಮೆಯಿದ್ದ ರೋಗಿಗಳು ಬೇಗ ಸಾಯುತ್ತಾರೆಂದು 2017ರಲ್ಲಿ ಚೀನಾದ ಸಂಶೋಧಕರು ತೋರಿಸಿದರು. ಅಮೂಲ್ಯವಾದ ಶೋಧವೇ. ಆದರೆ ಅದು ಹೇಳುವುದು ರೋಗ ಬೇರೂರಿದ ನಂತರದ ಕಥೆ. ಅದಕ್ಕೂ ಮುಂಚಿನ ಕಥೆಯ ಒಂದು ಎಳೆ ಹುಬ್ಬಳ್ಳಿ-ಧಾರವಾಡದ ಶೇಂಗಾ ವ್ಯಾಪಾರದಲ್ಲಿದೆ ಎಂಬುದು ನನ್ನ ವಾದ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದು ಹತ್ತಿಪೇಟೆಯಾಗಿ ಬಲಿತ ಹುಬ್ಬಳ್ಳಿಗೆ ಮುಂದಿನ ಶತಮಾನದಲ್ಲಿ ಶೇಂಗಾ ಕೂಡ ಹೇರಳವಾಗಿ ಬಂತು. ತೂಕಕ್ಕೆ ದರ ಸಿಗುವ ಸರಕಿಗೆ ತೇವವೂ ಲಾಭವೇ. ಕಾಯಿ ಸುಲಿಯುವಾಗ ಕಾಳು ಒಡೆಯದಿರಲೆಂದು ನೀರು ಚಿಮುಕಿಸುವ ರೂಢಿಯೂ ನಮ್ಮ ದೇಶದ ಶೇಂಗಾ ಸೀಮೆಗಳಲ್ಲಿದೆ. ಹಾಗೆ ನೆಂದ ಸರಕನ್ನು ಒಣಗಿಸದೆ ಚೀಲಕ್ಕೆ ತುಂಬಿದರೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಹಬ್ಬಿ, ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲ ಅಫ್ಲಾಟಾಕ್ಸಿನ್ ವಿಷ ಸುರಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನ ಶೇಂಗಾ ಹಿಂಡಿ ತಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗಲೇ ಈ ವಿಷ ಪತ್ತೆಯಾಯಿತು. 1974ರಲ್ಲಿ ರಾಜಸ್ಥಾನದ ಬಾಂಸ್ವಾಡಾ, ಗುಜರಾತಿನ ಪಂಚಮಹಲ್‌ಗಳಲ್ಲಿ ಇದೇ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದವರಲ್ಲಿ ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ಸತ್ತರು.

ಯಕೃತ್ತಿನ ಕ್ಯಾನ್ಸರಿಗೆ ಹೆಪಟೈಟಿಸ್ ಬಿ, ಸಿ ಮತ್ತು ಮದ್ಯವೇ ಮುಖ್ಯ ಕಾರಣ, ಶೇಂಗಾವನ್ನೇಕೆ ದೂರುವುದು ಎಂದು ಕೇಳಬಹುದು. ನಾನು ದೂರುತ್ತಿರುವುದು ಶೇಂಗಾವನ್ನಲ್ಲ, ತೇವವನ್ನು. ಇಲ್ಲಿನ ರೋಗಿಗಳಿಗೆಲ್ಲ ಅದೇ ಕಾರಣವೆಂದೂ ಅಲ್ಲ. ಆದರೆ ಶಾಂಘೈಯ 18,000ಕ್ಕೂ ಹೆಚ್ಚು ಗಂಡಸರ ಅಧ್ಯಯನದಲ್ಲಿ ಅಫ್ಲಾಟಾಕ್ಸಿನ್ ಒಂದೇ ಅಪಾಯವನ್ನು ಸುಮಾರು ಮೂರು ಪಟ್ಟು, ಹೆಪಟೈಟಿಸ್ ಬಿ ಒಂದೇ ಏಳು ಪಟ್ಟು ಹೆಚ್ಚಿಸಿದ್ದರೆ, ಎರಡೂ ಕೂಡಿದಾಗ ಅದು ಸುಮಾರು ಅರವತ್ತು ಪಟ್ಟಿಗೆ ಏರಿತ್ತು. ಅಂದರೆ ವೈರಸ್ ಇರುವ ಊರಿನಲ್ಲಿ ಚೀಲದ ತೇವ ಸಣ್ಣ ಸಂಗತಿಯಲ್ಲ. ಎಣ್ಣೆ ಶುದ್ಧೀಕರಿಸಿದರೆ ವಿಷ ಹೋಗುತ್ತದಲ್ಲ ಎಂಬ ಮಾತೂ ಅರ್ಧ ಸತ್ಯವೇ. ಎಣ್ಣೆ ತೆಗೆದಾಗ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲೇ ಉಳಿಯುತ್ತದೆ, ಹಿಂಡಿ ತಿಂದ ಎಮ್ಮೆಯ ಹಾಲಿನಲ್ಲಿ ಅದು ರೂಪ ಬದಲಿಸಿ ಮನೆಗೆ ಬರುತ್ತದೆ. ಚಟ್ನಿಪುಡಿ, ಹೋಳಿಗೆಗಳಿಗಂತೂ ಶುದ್ಧೀಕರಣದ ಕಾವಲೇ ಇಲ್ಲ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ಶೇಂಗಾ ತಳಿ ಎಲೆಚುಕ್ಕೆ, ತುಕ್ಕು ರೋಗಗಳನ್ನು ತಡೆದು ರೈತರ ಬೆಳೆ ಉಳಿಸಿತು. ಬೂಷ್ಟಿನ ಕಥೆ ಬೇರೆ. ಕೊಯ್ಲಿಗೆ ಮುಂಚಿನ ಬರದಲ್ಲಿ ಅದು ಮಣ್ಣಿನೊಳಗೇ ಕಾಯಿಗೆ ತಗಲುತ್ತದೆ, ಕಣದಲ್ಲೂ ಗೋದಾಮಿನಲ್ಲೂ ಬೆಳೆಯುತ್ತದೆ. ಕಿತ್ತ ಗಿಡಗಳನ್ನು ಕಾಯಿ ಮೇಲಾಗಿ ಬಿಸಿಲಿಗೆ ಹರವಿ, ಕಾಳಿನ ತೇವ ಶೇ. 8ರ ಆಸುಪಾಸಿಗೆ ಇಳಿಯುವವರೆಗೆ ಕಾಯುವುದು ರೈತನ ಪಾಲಿನ ಕೆಲಸ. ಹಾಗೆ ಕಾದು ತೂಕ ಕಳೆದುಕೊಂಡವನಿಗೆ ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಯಲ್ಲಿ ಹೆಚ್ಚಿನ ದರ ಸಿಗಬೇಕು; ಆ ಖರ್ಚನ್ನು ಅವನೊಬ್ಬನ ಮೇಲೆ ಹೊರಿಸಿ ಊರಿನ ಆರೋಗ್ಯ ಕಾಯಲಾಗದು.