ಮನೆಕರದೊಳಗಿನ ಆರೈಕೆ: ಕುರ್ಡಿ ಸೀಮೆಯಲ್ಲಿ ವೆಚ್ಚ ಯಾರ ಪಾಲಿಗೆ?

ಗ್ರಾಮ ಪಂಚಾಯಿತಿ ಕೊಡುವ ಮನೆಕರದ ರಸೀದಿಯನ್ನು ಪೂರ್ತಿ ಓದುವವರು ಕಡಿಮೆ. ಒಟ್ಟು ಮೊತ್ತ ನೋಡಿ, ಮಡಚಿ, ಗೋಡೆಯ ಗೂಡಿನಲ್ಲಿಟ್ಟರೆ ಮುಗಿಯಿತು. ಆ ಮೊತ್ತದೊಳಗೆ ಮೂಲ ತೆರಿಗೆಯ ಮೇಲಿನ ನಾಲ್ಕು ಸಣ್ಣ ಬಾಬತ್ತುಗಳಿರುತ್ತವೆ: ಆರೋಗ್ಯ ಕರ ಶೇ 15, ಶಿಕ್ಷಣ ಕರ ಶೇ 10, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಮೂಲ ತೆರಿಗೆ 500 ರೂಪಾಯಿ ಎಂದಿಟ್ಟುಕೊಂಡರೆ ಉಪಕರಗಳೇ 170 ರೂಪಾಯಿ. ಅದರಲ್ಲಿ ಭಿಕ್ಷುಕರ ಹೆಸರಿನದು 15. ರಾಯಚೂರು, ಮಾನ್ವಿ, ದೇವದುರ್ಗಗಳ ನಡುವಿನ ಕುರ್ಡಿಯಂಥ ಊರಿನಲ್ಲಿ ದಿಕ್ಕಿಲ್ಲದವರ ಆರೈಕೆಗೆಂದು ನಿವಾಸಿಯೊಬ್ಬ ನೇರವಾಗಿ, ಕಾನೂನುಬದ್ಧವಾಗಿ ತೆರುವ ಪಾಲು ಬಹುಮಟ್ಟಿಗೆ ಇಷ್ಟೇ. ಈ ಹದಿನೈದು ರೂಪಾಯಿ ಎಲ್ಲಿಗೆ ಹೋಗುತ್ತದೆ, ಊರಿನಲ್ಲಿ ನಿಜವಾಗಿ ನಡೆಯುವ ಆರೈಕೆಯ ಖರ್ಚನ್ನು ಯಾರು ಹೊರುತ್ತಾರೆ ಎಂಬುದು ಈ ಲೇಖನದ ವಿಷಯ.

ಭಿಕ್ಷುಕರ ಕರದ ಆಧಾರ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮ. ಅದರ ಹಿಂದೆ ಹಳೆಯ ಮೈಸೂರಿನ 1944ರ ಕಾನೂನಿದೆ. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಜಿಲ್ಲೆ. ಮೈಸೂರಿನಲ್ಲಿ ಬೆಳೆದ ಕಲ್ಪನೆಯೊಂದು ಇಲ್ಲಿಯ ಮನೆಕರದ ರಸೀದಿಗೆ ಬಂದು ಕೂತದ್ದು ಏಕೀಕರಣದ ನಂತರದ ಕಥೆ. ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ ಈ ಹಣ ಕೇಂದ್ರ ಪರಿಹಾರ ಸಮಿತಿಗೆ ಸಲ್ಲಬೇಕು. ಸಮಿತಿ ಅದರಿಂದ ನಿರಾಶ್ರಿತರ ಪರಿಹಾರ ಕೇಂದ್ರಗಳನ್ನು ನಡೆಸುತ್ತದೆ. ಅಂದರೆ ಕುರ್ಡಿಯವರು ಕಟ್ಟಿದ ದುಡ್ಡು ಕುರ್ಡಿಯ ಕಟ್ಟೆಯ ಮೇಲೆ ಕೂತ ಅನಾಥ ಮುದುಕನಿಗೆ ಅಲ್ಲಿಯೇ ಒಂದು ಹೊತ್ತಿನ ಊಟವಾಗಲಾರದು. ಅವನಿಗೆ ಅದರ ಪ್ರಯೋಜನ ಸಿಗಬೇಕಾದರೆ ಮೊದಲು ಅವನನ್ನು ‘ಭಿಕ್ಷುಕ’ ಎಂದು ಹಿಡಿದು ಕೇಂದ್ರಕ್ಕೆ ಒಯ್ಯಬೇಕು. ಹೀಗೆ ಊರಿಂದ ಕಿತ್ತು ಒಂದೆಡೆ ಕೂಡಿಹಾಕುವ ಆರೈಕೆಯ ಗತಿ ಏನಾದೀತು ಎಂಬುದನ್ನು 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಸಂಭವಿಸಿದ ಸಾಲು ಸಾವುಗಳು ತೋರಿಸಿದವು. ತೆರಿಗೆ ಹಂಚಿಕೊಂಡೆವು, ಹೊಣೆ ಹಂಚಿಕೊಳ್ಳಲಿಲ್ಲ ಎಂದು ನನಗೆ ಅನ್ನಿಸುವುದು ಇಂಥಲ್ಲಿಯೇ.

ಒಂದು ಕೆಲಸಕ್ಕೆಂದೇ ಹೆಸರಿಟ್ಟು ಕರ ಎತ್ತುವುದು ಕನ್ನಡ ನಾಡಿಗೆ ಹೊಸದಲ್ಲ. ಗಾಣಕ್ಕೆ ಇಂತಿಷ್ಟು ಸೊಲ್ಲಗೆ ಎಣ್ಣೆ, ವೀಳ್ಯದೆಲೆಯ ಹೇರಿಗೆ ಇಂತಿಷ್ಟು ಎಲೆ ಎಂದು ವರ್ತಕರೂ ಒಕ್ಕಲುಗಳೂ ಒಪ್ಪಿಕೊಂಡ ವಿವರ ಶಾಸನಗಳಲ್ಲಿ ಧಾರಾಳವಾಗಿದೆ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ ದೀನರು, ಅನಾಥರು, ಕುಂಟರು, ಕುರುಡರಿಗೆ ಅನ್ನ ಮತ್ತು ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಳವೆಂದು ಆ ಮಠವನ್ನು ಬಣ್ಣಿಸುತ್ತದೆ. ಶಾಸನದ ಹೊಗಳಿಕೆಯನ್ನು ಅಕ್ಷರಶಃ ನಂಬಬೇಕಿಲ್ಲ. ಆದರೂ ಅಲ್ಲಿ ದತ್ತಿ ಕೊಟ್ಟವನಿಗೆ ತನ್ನ ಎಣ್ಣೆ ಯಾವ ದೀಪದಲ್ಲಿ ಉರಿಯುತ್ತದೆಂದು ಕಾಣುತ್ತಿತ್ತು. ಇಂದಿನ ಶೇ 3ಕ್ಕೆ ಆ ಗುಣವಿಲ್ಲ. ಜಾತ್ರೆಗೆ ಮನೆಗೊಂದು ಪಟ್ಟಿ ಹಾಕಿದರೆ ತಕರಾರಿಲ್ಲದೆ ಕೊಡುವ ಊರೇ ಮನೆಕರವನ್ನು ವರ್ಷಗಟ್ಟಲೆ ಬಾಕಿ ಉಳಿಸಿಕೊಳ್ಳುವುದಕ್ಕೆ ಬಡತನವೊಂದೇ ಕಾರಣವಲ್ಲ. ಪಟ್ಟಿಯ ಲೆಕ್ಕ ಗುಡಿಯ ಮುಂದೆ ಓದಿ ಹೇಳಲಾಗುತ್ತದೆ.

ಪಂಚಾಯಿತಿಯ ಕೈಯಲ್ಲೇ ಉಳಿಯುವ ಹಣವೂ ಇದೆ. ಸಂವಿಧಾನದ ಹನ್ನೊಂದನೆಯ ಅನುಸೂಚಿಯ 26ನೆಯ ವಿಷಯ ಅಂಗವಿಕಲರ ಕ್ಷೇಮವೂ ಸೇರಿದ ಸಮಾಜ ಕಲ್ಯಾಣ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ 5ನ್ನು ಅಂಗವಿಕಲರಿಗೆ ತೆಗೆದಿಡಬೇಕು. ಮಾನ್ವಿ, ದೇವದುರ್ಗಗಳಂಥ ಪುರಸಭೆಗಳಲ್ಲಿ ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂಬ ವಿಂಗಡಣೆ ರೂಢಿಯಲ್ಲಿದೆ. ಕೇಳಲು ಚೆನ್ನ. ಆದರೆ ಯಾವುದರ ಶೇ 5? ಪಂಚಾಯಿತಿಯೊಂದರ ಕರದ ಬೇಡಿಕೆ ವರ್ಷಕ್ಕೆ 6 ಲಕ್ಷ ಎಂದು ಊಹಿಸೋಣ. ಪೂರ್ತಿ ವಸೂಲಾದರೆ ಅಂಗವಿಕಲರ ಪಾಲು 30,000. ಅರ್ಧ ವಸೂಲಾದರೆ 15,000, ತಿಂಗಳಿಗೆ 1,250. ಇಷ್ಟರಲ್ಲಿ ಗಾಲಿ ಕುರ್ಚಿ, ಊರುಗೋಲು, ಚಿಕಿತ್ಸೆಗೆ ನೆರವು ಎಲ್ಲವೂ ಆಗಬೇಕು. ಸಿರಿವಂತ ಬಡಾವಣೆಗಳಿರುವ ಊರಿನಲ್ಲಿ ಇದೇ ಶೇ 5 ದೊಡ್ಡ ಮೊತ್ತ. ಹಂಚಿಕೆಯ ಪ್ರಮಾಣ ಎಲ್ಲ ಕಡೆ ಒಂದೇ, ಹಂಚಿಕೊಳ್ಳುವ ಸಂಪತ್ತು ಬೇರೆ ಬೇರೆ. ಅಂಗವೈಕಲ್ಯ ಹೆಚ್ಚು ಕಾಡುವ ಬಡ ಊರಿನಲ್ಲೇ ನೆರವು ತೆಳ್ಳಗಾಗುತ್ತದೆ. ಬಿಲ್ ಕಲೆಕ್ಟರ್ ಮನೆ ಬಾಗಿಲಿಗೆ ಬಂದಾಗ ‘ಮುಂದಿನ ತಿಂಗಳು ಬರ್ರಿ’ ಎಂದು ಕಳಿಸಿದವರಿಗೆ ತಾವು ಪಕ್ಕದ ಮನೆಯ ಹುಡುಗನ ಊರುಗೋಲನ್ನು ಮುಂದೂಡಿದೆವೆಂಬ ಅರಿವಿರುವುದಿಲ್ಲ, ಇರಬೇಕೆಂದು ಯಾರೂ ಹೇಳಿಯೂ ಇಲ್ಲ.

ಬೇರೆ ದೇಶಗಳು ಈ ಪ್ರಶ್ನೆಯನ್ನು ಬೇರೆ ರೀತಿ ಬಿಡಿಸಿವೆ. ಇಂಗ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲ್ ಆರೈಕೆಯ ಅಗತ್ಯವಿದ್ದವರ ಆಸ್ತಿ, ಆದಾಯ ಪರಿಶೀಲಿಸುತ್ತದೆ. 23,250 ಪೌಂಡಿಗಿಂತ ಹೆಚ್ಚು ಉಳಿತಾಯವಿದ್ದವರು ಪೂರ್ತಿ ಖರ್ಚು ತಾವೇ ಭರಿಸಬೇಕು; 14,250ಕ್ಕಿಂತ ಕೆಳಗಿನದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2016ರಿಂದ ಕೌನ್ಸಿಲ್ ತೆರಿಗೆಯ ಮೇಲೆ ಇದಕ್ಕೆಂದೇ ಹೆಚ್ಚುವರಿ ಎತ್ತಲೂ ಅವಕಾಶವಿದೆ. ಜಪಾನ್ 2000ದಲ್ಲಿ ದೀರ್ಘಕಾಲೀನ ಆರೈಕೆಯ ವಿಮೆ ತಂದು, 40 ದಾಟಿದವರೆಲ್ಲ ಕಂತು ಕಟ್ಟುವಂತೆ ಮಾಡಿತು. ಇವುಗಳನ್ನು ನಮ್ಮ ಕಡೆ ನೆಟ್ಟರೆ ಬೇರು ಬಿಡುವುದಿಲ್ಲ. ಎರಡೂ ವ್ಯವಸ್ಥೆಗಳ ಅಡಿಪಾಯ, ಮನೆಗೆ ಬಂದು ಸ್ನಾನ ಮಾಡಿಸಿ ಊಟ ಮಾಡಿಸುವ ಸಂಬಳದ ಕೆಲಸಗಾರರು. ಕುರ್ಡಿಯಲ್ಲಿ ಆ ಕೆಲಸ ನಡೆಯುತ್ತಿಲ್ಲವೆಂದಲ್ಲ, ಅದಕ್ಕೆ ಸಂಬಳವಿಲ್ಲ. ಅದನ್ನು ಮಾಡುವವಳು ಸೊಸೆ.

ನಮ್ಮ ಕಾನೂನು ಇದನ್ನು ಒಪ್ಪಿಕೊಂಡೇ ನಿಂತಿದೆ. 2007ರ ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆ ಅಧಿನಿಯಮ ಮೊದಲ ಹೊಣೆಯನ್ನು ಮಕ್ಕಳ ಮೇಲೆ ಹೊರಿಸಿ, ತಿಂಗಳಿಗೆ 10,000 ರೂಪಾಯಿಯ ಮಿತಿಯೊಳಗೆ ಜೀವನಾಂಶ ಕೊಡಿಸುವ ಅಧಿಕಾರವನ್ನು ನ್ಯಾಯಮಂಡಳಿಗೆ ಕೊಟ್ಟಿದೆ. ಮಗ ಸ್ವತಃ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋದವನಾದರೆ ಆ ಆದೇಶದ ಬೆಲೆ ಎಷ್ಟು? ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಹೊಲಗಳ ಪಕ್ಕದಲ್ಲೇ ಮಳೆ ನಂಬಿದ ಹೊಲಗಳಿರುವ ಸೀಮೆ ಇದು. ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಬಸ್ ಹತ್ತಿದರೆ ಮನೆಯಲ್ಲಿ ಉಳಿಯುವುದು ಮುದುಕಿ ಮತ್ತು ಮೊಮ್ಮಕ್ಕಳು. ಯಾರು ಯಾರನ್ನು ನೋಡಿಕೊಳ್ಳುತ್ತಾರೆ ಎಂದು ಅಲ್ಲಿ ಬಿಡಿಸಿ ಹೇಳುವುದು ಕಷ್ಟ.

ಆ ಮುದುಕಿಯ ಕೈಗೆ ಬರುವುದು ಪಿಂಚಣಿ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ, ಪೂರ್ತಿ ರಾಜ್ಯದ ಹಣ. ಕೇಂದ್ರದ ವೃದ್ಧಾಪ್ಯ ವೇತನದಲ್ಲಿ ದೆಹಲಿಯ ಪಾಲು 80 ತುಂಬುವ ತನಕ 200 ರೂಪಾಯಿ. 2007ರಲ್ಲಿ ಆ ಯೋಜನೆಗೆ ಇಂದಿರಾ ಗಾಂಧಿಯವರ ಹೆಸರು ಬಂದಾಗಲೂ ಇದ್ದದ್ದು ಅದೇ 200. ಪಿಂಚಣಿಯನ್ನು ಬರೀ ಮೊತ್ತದಿಂದ ಅಳೆಯುವುದು ಸರಿಯಲ್ಲ ಎಂಬುದು ನನ್ನ ವಾದ. ನಮ್ಮ ಕಡೆ ಹೊಲದ ಕೆಲಸದಲ್ಲಿ ಮುಯ್ಯಾಳು ಪದ್ಧತಿಯಿದೆ: ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ನೆರೆಹೊರೆಯ ಆರೈಕೆಯೂ ಬಹಳ ಮಟ್ಟಿಗೆ ಹೀಗೇ ನಡೆಯುತ್ತದೆ. ಮುಯ್ಯಿ ತೀರಿಸಲು ತೋಳಿನಲ್ಲಿ ಕಸುವು ಇರಬೇಕು. ಹಾಸಿಗೆ ಹಿಡಿದವಳು ಆ ಲೆಕ್ಕದಿಂದ ಹೊರಬೀಳುತ್ತಾಳೆ. ಪಕ್ಕದ ಮನೆಯವಳು ರೊಟ್ಟಿ ಬಡಿದು ಕೊಟ್ಟಾಗ ಅವಳ ಮಗುವಿನ ಕೈಗೆ ಇಪ್ಪತ್ತು ರೂಪಾಯಿ ಇಡಲು ಸಾಧ್ಯವಾಗುವುದು ಪಿಂಚಣಿಯಿಂದ. ಸರ್ಕಾರ ಕೊಟ್ಟ ಹಣ ಹೀಗೆ ಊರಿನ ಮುಯ್ಯಿಯ ಲೆಕ್ಕಕ್ಕೆ ಅವಳನ್ನು ಮರಳಿ ಸೇರಿಸುತ್ತದೆ. ಹೆಬ್ಬೆಟ್ಟು ಸವೆದು ಯಂತ್ರ ಗುರುತು ಹಿಡಿಯದ ತಿಂಗಳಲ್ಲಿ ಅವಳು ಕಳೆದುಕೊಳ್ಳುವುದು 1,200 ರೂಪಾಯಿಯನ್ನಷ್ಟೇ ಅಲ್ಲ.

ಸಂಬಳದ ಆರೈಕೆಗೆ ಸಮೀಪದ ಎರಡು ಏರ್ಪಾಡುಗಳು ಪಂಚಾಯಿತಿ ಮಟ್ಟದಲ್ಲಿವೆ. ಗೌರವಧನದ ಮೇಲೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಒಂದು. ಸ್ವತಃ ಅಂಗವಿಕಲರಾದ ಇವರು ಅರ್ಜಿ, ಪ್ರಮಾಣಪತ್ರಗಳಿಗೆ ಓಡಾಡುತ್ತಾರೆ. ಇನ್ನೊಂದು 2023ರ ಬಜೆಟ್ಟಿನ ನಂತರ ಬಂದ ‘ಕೂಸಿನ ಮನೆ’, ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆ. ಮಗುವಿಗೆ ಮನೆ ಸಿಕ್ಕಿತು. ಅದೇ ಕೂಲಿಗೆ ಹೋಗುವವಳ ಹಾಸಿಗೆ ಹಿಡಿದ ಅತ್ತೆಗೆ ಸಮನಾದ ಏರ್ಪಾಡಿಲ್ಲ. ಕೇರಳ 2008ರ ಉಪಶಾಮಕ ಆರೈಕೆ ನೀತಿಯ ಮೂಲಕ ಸ್ಥಳೀಯ ಸಂಸ್ಥೆಗಳನ್ನು ಹಾಸಿಗೆ ಹಿಡಿದವರ ಮನೆಯೊಳಗೇ ಕರೆತಂದಿತು. ಅಲ್ಲಿ ಪಂಚಾಯಿತಿಯ ದುಡ್ಡಿನ ಜೊತೆ ಊರವರ ವಂತಿಗೆಯೂ ಸ್ವಯಂಸೇವಕರ ಸಮಯವೂ ಕೂಡಿಕೊಂಡವು. ಜಾತ್ರೆಯ ಪಟ್ಟಿ ಬಲ್ಲ ನಮ್ಮ ಊರುಗಳಿಗೆ ಇಂಗ್ಲೆಂಡಿನ ಆದಾಯ ಪರಿಶೀಲನೆಗಿಂತ ಈ ದಾರಿ ಹತ್ತಿರದ್ದು.

ಅಂಗವಿಕಲರಿಗೆ ತೆಗೆದಿಟ್ಟ ಶೇ 5ರ ಕ್ರಿಯಾಯೋಜನೆ ಗ್ರಾಮಸಭೆಯ ಮುಂದೆ ಬರಬೇಕು, ಫಲಾನುಭವಿಗಳ ಪಟ್ಟಿಯೂ ಅಲ್ಲಿಯೇ ಒಪ್ಪಿಗೆ ಪಡೆಯಬೇಕು. ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಗುಳೆಯ ತಿಂಗಳುಗಳಲ್ಲಿ ಸಭೆ ಕರೆದರೆ ದುಡಿಯುವ ವಯಸ್ಸಿನವರು ಊರಲ್ಲಿರುವುದಿಲ್ಲ. ಊರಲ್ಲೇ ಇರುವ ಸೊಸೆಗೆ ಡಂಗುರ ಕೇಳಿಸಿದರೂ, ಅತ್ತೆಯನ್ನು ಒಬ್ಬಳನ್ನೇ ಬಿಟ್ಟು ಎರಡು ತಾಸು ಸಭೆಯಲ್ಲಿ ಕೂರುವಂತಿಲ್ಲ.