ವಾಸ್ತವಾಘಾತ (ಶುಶ್ರೂಷಾ ವೃತ್ತಿ)

ತರಗತಿಯಲ್ಲಿ ಕಲಿತ ಶುಶ್ರೂಷೆಗೂ ವಾರ್ಡಿನಲ್ಲಿ ನಡೆಯುವ ಶುಶ್ರೂಷೆಗೂ ಇರುವ ಅಂತರ ಕಂಡು ಹೊಸ ನರ್ಸ್‌ಗಳು ಅನುಭವಿಸುವ ತಳಮಳ. ಅಮೆರಿಕದ ಸಂಶೋಧಕಿ ಮಾರ್ಲೀನ್ ಕ್ರೇಮರ್ 1974ರ ‘ರಿಯಾಲಿಟಿ ಶಾಕ್’ ಗ್ರಂಥದಲ್ಲಿ ಇದನ್ನು ವಿವರಿಸಿದರು. ಒಬ್ಬ ರೋಗಿಯ ಆರೈಕೆಯನ್ನು ಇಡಿಯಾಗಿ ಮಾಡಲು ಕಲಿತವರಿಗೆ ಪಾಳಿಯಲ್ಲಿ ಹಲವರ ಔಷಧಿ, ಡ್ರಿಪ್, ದಾಖಲೆಗಳು ಒಟ್ಟಿಗೇ ಎದುರಾಗುತ್ತವೆ. ಚೊಕ್ಕ ಕೆಲಸಕ್ಕಿಂತ ಬೇಗ ಮುಗಿಸುವುದಕ್ಕೇ ಬೆಲೆ ಎನಿಸತೊಡಗುತ್ತದೆ. ಇದು ಬರೀ ಕೌಶಲದ ಕೊರತೆಯಲ್ಲ, ಮೌಲ್ಯಗಳ ಘರ್ಷಣೆ ಎಂಬುದೇ ಕ್ರೇಮರ್ ವಾದದ ತಿರುಳು. ಈ ಘರ್ಷಣೆಯನ್ನು ವಿದ್ಯಾರ್ಥಿದೆಸೆಯಲ್ಲೇ ಪರಿಚಯಿಸುವುದು ಅವರು ಸೂಚಿಸಿದ ಮದ್ದು. ಅನುಭವಿ ನರ್ಸ್ ಜೊತೆ ಪಾಳಿ ಹಾಕುವ ಪ್ರಿಸೆಪ್ಟರ್ ಪದ್ಧತಿಯೂ ಬಳಕೆಯಲ್ಲಿದೆ. ಆ ಹಿರಿಯರ ಹೊರೆ ತಗ್ಗಿಸದಿದ್ದರೆ ಅದು ಹೆಸರಿಗಷ್ಟೇ. ಹೊಸಬರಿಂದ ಪರಿಣತರವರೆಗೆ 5 ಹಂತಗಳನ್ನು ಗುರುತಿಸಿದ ಪೆಟ್ರೀಷಿಯಾ ಬೆನ್ನರ್ ಅವರ 1984ರ ಕೃತಿಯೂ ಇಂಥ ತರಬೇತಿಗೆ ಆಧಾರವಾಗಿದೆ.